ಗಾಜಿನ ಮೇಲಿನ ಗಂಧ

ಬ್ರಿಸ್ಬೇನಿನ ಈ ಮನೆಗೆ ಬಂದ ಮೇಲೆ ಎಲ್ಲವನ್ನೂ ಬಿಚ್ಚಿಟ್ಟಾಗಿತ್ತು, ಗ್ಯಾರೇಜಿನ ಮೂಲೆಯ ಒಂದು ರಟ್ಟಿನ ಪೆಟ್ಟಿಗೆ ಬಿಟ್ಟು. ಮೊನ್ನೆಯ ಮಳೆಗೆ ನೀರು ಒಳಗೆ ಬಂದು ಅದರ ತಳ ನೆಂದಿತ್ತು. ವಿಧಿಯಿಲ್ಲದೆ ಭಾನುವಾರ ಬಿಚ್ಚಿದೆ. ಯಾವ ಫೋನಿಗೂ ಹೊಂದದ ಚಾರ್ಜರುಗಳು, ಅಡಿಲೇಡಿನ ಚಳಿಗೆಂದು ಕೊಂಡ ಕಂಬಳಿ, ಎಲ್ಲದರ ಕೆಳಗೆ ಕೆಂಪು ಅಂಚಿನ ಒಂದು ಬಟ್ಟೆ ಚೀಲ. ಕೈಗೆತ್ತಿಕೊಂಡಾಗ ಗಂಧದ ವಾಸನೆ ಬಂತು. ಊದುಬತ್ತಿಯದಲ್ಲ, ಕೊರಡನ್ನು ಕಲ್ಲಿನ ಮೇಲೆ ತೇಯ್ದ ಗಂಧದ್ದು. ನಮ್ಮ ಮನೆಯಲ್ಲಿ ಗಂಧ ತೇಯುವವರು ಯಾರೂ ಇಲ್ಲ, ಹಬ್ಬಕ್ಕೂ ಇಂಡಿಯನ್ ಅಂಗಡಿಯ ಡಬ್ಬಿಯ ಪುಡಿಯೇ ಗತಿ. ಹಾಗಾಗಿ ಗಂಟು ಬಿಚ್ಚುವ ಮೊದಲೇ ಒಳಗಿರುವುದು ಏನೆಂದು ಗೊತ್ತಾಯಿತು. ಡಾಕ್ಟರ್ ಅಂಕಲ್ ಅವರ ಸ್ಕೋಪ್. ಕೋವಿಯ ಮೇಲೆ ಕೂರಿಸಿ ಗುರಿ ನೋಡುವ ಸಣ್ಣ ದುರ್ಬೀನು. ಬಿಚ್ಚುವ ಧೈರ್ಯವಾಗದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಆಗ ನಾನು ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿದ್ದೆ. ಮದುವೆಯಾಗಿರಲಿಲ್ಲ. ಶನಿವಾರ ಬಂದರೆ ಏನು ಮಾಡಬೇಕೆಂದು ತೋಚದೆ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದ ಕಾಲ. ಕನ್ನಡದವರ ಯುಗಾದಿ ಊಟದಲ್ಲಿ ಬೆನ್ನು ಹಿಡಿದುಕೊಂಡು ಕೂತಿದ್ದ ನನ್ನನ್ನು ಒಬ್ಬರು ಎತ್ತರದ ಹಿರಿಯರು ಎಬ್ಬಿಸಿ ನಿಲ್ಲಿಸಿದರು. ಪಾಯಸದ ಪಾತ್ರೆಯ ಪಕ್ಕದಲ್ಲೇ ಬೆನ್ನುಮೂಳೆ ಒತ್ತಿ ನೋಡಿ, "ಮೂಳೆಗೆ ಏನೂ ಆಗಿಲ್ಲ, ಸೋಮಾರಿತನ ಅಷ್ಟೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮೈಯೆಲ್ಲ ಉರಿಯಿತು. ಆಮೇಲೆ ಗೊತ್ತಾಯಿತು, ಅವರು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರಾಗಿದ್ದು ನಿವೃತ್ತರಾದವರು, ಕೊಡಗಿನವರು, ಮತ್ತು ಬೈಯುವುದು ಅವರ ಪ್ರೀತಿಯ ಭಾಷೆ. ಮುಂದಿನ ಶನಿವಾರ ಊಟಕ್ಕೆ ಕರೆದರು. ಆಮೇಲೆ ಶನಿವಾರಗಳೆಲ್ಲ ಅವರವೇ ಆದವು.

ಅವರ ಮನೆ ಊರಾಚೆ, ಉತ್ತರಕ್ಕೆ, ಬಟಾಬಯಲಿನ ನಡುವೆ ಇತ್ತು. ನೀರಿನ ಪೈಪು ಕೂಡ ಅಲ್ಲಿಗೆ ಬಂದಿರಲಿಲ್ಲ, ಮಳೆನೀರು ತುಂಬುವ ದೊಡ್ಡ ಹಸಿರು ಟ್ಯಾಂಕೇ ಕುಡಿಯುವುದಕ್ಕೂ ಅಡಿಗೆಗೂ. ಮನೆಯ ಹಿಂದೆ ಆಂಟಿಯ ತೋಟ. ಅವರೆ, ಮೆಂತ್ಯ, ದಂಟು, ಆ ಚಳಿಯಲ್ಲಿ ಹೇಗೋ ಜೀವ ಹಿಡಿದುಕೊಂಡಿದ್ದ ಒಂದು ನುಗ್ಗೆ ಗಿಡ. ಅದರಾಚೆ ತಂತಿ ಬೇಲಿ, ಬೇಲಿಯ ಕೆಳಗೆಲ್ಲ ಮೊಲದ ಬಿಲ. ಈ ದೇಶದ ಮೊಲಗಳನ್ನು ನೋಡಿದ ಮೇಲೆ ಚಿಕ್ಕಂದಿನ ಪುಸ್ತಕದ ಮುದ್ದು ಮೊಲ ನನ್ನ ಪಾಲಿಗೆ ಸತ್ತುಹೋಯಿತು. ಸಂಜೆಗೆ ಬಂದವೆಂದರೆ ಬೆಳಿಗ್ಗೆ ಪಾತಿಯಲ್ಲಿ ಬುಡ ಮಾತ್ರ ಇರುತ್ತಿತ್ತು. ಅಂಕಲ್ ಜಗಲಿಯಲ್ಲಿ ಕೂತು, ಸಣ್ಣ ಕೋವಿಯಲ್ಲಿ, ಹೊತ್ತು ಮುಳುಗುವ ಮೊದಲು ಒಂದೆರಡನ್ನು ಹೊಡೆಯುತ್ತಿದ್ದರು. ಒಂದೇ ಗುಂಡು, ತಲೆಗೇ. ಒದ್ದಾಡುವ ಹಾಗೆ ಹೊಡೆಯುವವನು ಕೋವಿ ಮುಟ್ಟಬಾರದು ಎನ್ನುತ್ತಿದ್ದರು. ಸಸ್ಯಾಹಾರಿಯಾದ ನಾನು ತಟ್ಟೆಯಲ್ಲಿ ಮೊಲದ ಮಾಂಸ ಕಂಡು ಮುಖ ತಿರುಗಿಸಿದರೆ, "ಪುಳಿಚಾರಿಗೆ ಕುಂಬಳಕಾಯಿ ಹಾಕು" ಎಂದು ಆಂಟಿಗೆ ಹೇಳಿ ನಗುತ್ತಿದ್ದರು. ಆಂಟಿ ನನಗೆಂದೇ ಕಡುಂಬುಟ್ಟಿಗೆ, ಅಂದರೆ ಅಕ್ಕಿತರಿಯ ಉಂಡೆಗಡುಬಿಗೆ, ಕುಂಬಳಕಾಯಿಯ ಗೊಜ್ಜು ಮಾಡಿಡುತ್ತಿದ್ದರು.

ಅವರ ಒಬ್ಬನೇ ಮಗ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿದ್ದ. ವಾರಕ್ಕೊಮ್ಮೆ ಫೋನು ಮಾಡಿ, "ನಿಮ್ಮಿಬ್ಬರಿಗೂ ಅಲ್ಲಿ ಆಗಲ್ಲ, ಇಲ್ಲಿಗೆ ಬಂದ್ಬಿಡಿ" ಎನ್ನುತ್ತಿದ್ದ. ಅಂಕಲ್ ಒಮ್ಮೆ ಹೋಗಿ ನೋಡಿ ಬಂದಿದ್ದರು. ಮನೆಗೆ ಮನೆ ಅಂಟಿಕೊಂಡು, ಹಿತ್ತಿಲ ಬಾಗಿಲು ತೆಗೆದರೆ ತಗಡಿನ ಬೇಲಿ ಮೂಗಿಗೆ ತಾಗುತ್ತದಂತೆ. "ಅಲ್ಲಿ ಕಣ್ಣಿಗೆ ಕೆಲ್ಸಾನೇ ಇಲ್ಲ ಕಣಪ್ಪಾ" ಎನ್ನುತ್ತಿದ್ದರು. ಈ ಬಯಲಿನ ಮನೆ ಉಳಿಯಬೇಕಾದರೆ ಅಂಕಲ್ ಕಾರು ಓಡಿಸಬೇಕು, ಮೊಲ ಓಡಿಸಬೇಕು. ಆಂಟಿಗೆ ಎರಡೂ ಬರುತ್ತಿರಲಿಲ್ಲ. ಅಂಕಲ್‌ಗೆ ಎಡಗಣ್ಣು ಹುಟ್ಟಿದಾಗಿನಿಂದ ಮಂಜು. ಬೇಲಿಯ ಮೇಲಿನ ಗುಬ್ಬಿಯ ಕೊಕ್ಕಿನ ಬಣ್ಣವನ್ನು ಜಗಲಿಯಿಂದಲೇ ಹೇಳುತ್ತಿದ್ದದ್ದು ಬಲಗಣ್ಣೊಂದೇ.

ಆ ವರ್ಷ ಕೈಲ್ ಮುಹೂರ್ತಕ್ಕೆ ನನ್ನನ್ನೂ ಕರೆದಿದ್ದರು. ಕೊಡಗಿನವರು ಕೋವಿಗೆ ಪೂಜೆ ಮಾಡುವ ಹಬ್ಬ. ಬೀರುವಿನಿಂದ ಕೋವಿ ತೆಗೆದು, ಎಣ್ಣೆ ಹಚ್ಚಿ ಒರೆಸಿ, ದೀಪದ ಮುಂದೆ ಮಣೆಯ ಮೇಲೆ ಮಲಗಿಸಿದರು. ಆಂಟಿ ಬೆಳಿಗ್ಗೆಯಿಂದ ಗಂಧ ತೇಯ್ದಿದ್ದರು. ನಳಿಗೆಗೆ, ಮರದ ಹಿಡಿಗೆ, ಸ್ಕೋಪಿಗೆ ಬೊಟ್ಟಿಟ್ಟು, ಮೇಲೆ ಕುಂಕುಮ, ಹಿತ್ತಿಲ ಹೂವು. ನಾನು ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತ ದೂರದಿಂದ ನೋಡುತ್ತಿದ್ದೆ. ಊಟವಾದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ಅವರ ಪದ್ಧತಿ. ಮಣ್ಣಿನ ದಿಬ್ಬದ ಮುಂದಿನ ಕಂಬಕ್ಕೆ ಕಾಯಿ ಕಟ್ಟಿ ಬಾ ಎಂದು ನನ್ನನ್ನು ಕಳಿಸಿದರು. ಕಟ್ಟಿ ಬಂದು ಅವರ ಹಿಂದೆ ನಿಂತೆ.

ಅಂಕಲ್ ಕೋವಿ ಎತ್ತಿ ಸ್ಕೋಪಿಗೆ ಕಣ್ಣಿಟ್ಟರು. ಇಳಿಸಿದರು. ಕಣ್ಣುಜ್ಜಿಕೊಂಡು ಮತ್ತೆ ಎತ್ತಿದರು. ಆ ಕ್ಷಣದ ಅವರ ಮುಖ... ಅಂಥ ಗಟ್ಟಿ ಮನುಷ್ಯ ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ಥಟ್ಟನೆ ಆಂಟಿಯ ಕಡೆ ತಿರುಗಿದರು.

"ಗಾಜಿನ ಮೇಲೆ ಗಂಧ ಇಟ್ಟಿದ್ದೀಯಾ?"

ಆಂಟಿ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. "ಗೊತ್ತಾಗ್ಲಿಲ್ಲ. ಇಟ್ಬಿಟ್ಟೆ" ಎಂದರು.

ಆಮೇಲೆ ನಡೆದದ್ದು ಹಬ್ಬದ ದಿನ ನಡೆಯಬಾರದ್ದು. ಸೆರಗಿನಲ್ಲಿ ಏನನ್ನೋ ಹಿಡಿದುಕೊಂಡು ಆಂಟಿ ತಲೆ ಬಗ್ಗಿಸಿ ನಿಂತಿದ್ದರು, ಅಂಕಲ್ ಬೈಯುತ್ತಲೇ ಇದ್ದರು. ಮದುವೆಯಾದಾಗಿನಿಂದ ಕೋವಿ ನೋಡಿಕೊಂಡು ಬಂದವಳಿಗೆ ಇಷ್ಟು ತಿಳಿಯಬೇಡವೇ, ಗಂಧದ ತರಿ ತಾಗಿದರೆ ಗಾಜಿನ ಲೇಪ ಹೋಗುತ್ತದೆ, ಹೋದರೆ ಮತ್ತೆ ಬರುವುದಿಲ್ಲ. ಹತ್ತಿಗೆ ಸ್ಪಿರಿಟ್ ಹಾಕಿ ತಾವೇ ಉಜ್ಜಿದರು. ಮತ್ತೆ ನೋಡಿ, "ಹೋಗಿಲ್ಲ, ನಟ್ಟನಡುವೆ ಕಲೆ ಕೂತುಬಿಟ್ಟಿದೆ" ಎಂದರು. ಸ್ಕೋಪು ಕಳಚಿ ಮೇಜಿನ ಡ್ರಾಯರಿಗೆ ಹಾಕಿ ದೂಡಿದರು. ಅಂಕಲ್ ಹಾಳಾಯಿತೆಂದ ಮೇಲೆ ನೋಡುವುದೇನು ಎಂದು ನಾನೂ ನೋಡಲಿಲ್ಲ. ಕಂಬದ ಮೇಲಿನ ಕಾಯಿ ಹಾಗೇ ಉಳಿಯಿತು.

ಅಲ್ಲಿಂದ ಶುರುವಾಯಿತು ಹೊಸ ಸ್ಕೋಪಿನ ಹುಡುಕಾಟ. ಸಾರಥಿ ನಾನು. ಕಾರು ಓಡಿಸಲು ಯಾಕೋ ಬೇಸರ ಎಂದು ಅಂಕಲ್ ಆಗಲೇ ಹೇಳತೊಡಗಿದ್ದರು. ಕೋವಿ ಅಂಗಡಿ ಎಂದರೆ ಹೇಗಿರುತ್ತದೋ ಎಂದು ಹೆದರಿದ್ದೆ. ಹೋಗಿ ನೋಡಿದರೆ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯ ಹಾಗೇ ಎಣ್ಣೆ ವಾಸನೆ, ಹಿಂದೆ ಕಪಾಟು, ಮುಂದೆ ಬಿಳಿ ಗಡ್ಡದ ಅಂಗಡಿಯಜ್ಜ. ಅಂಕಲ್ ಬೇಡಿಕೆ ಸರಳ. ಹೊಡೆಯುವುದು ಮೊಲ, ಐವತ್ತು ಮೀಟರಿನೊಳಗೆ, ಸಂಜೆಯ ಮಬ್ಬಿನಲ್ಲಿ. ಬಿದ್ದರೆ, ಬಡಿದರೆ, ಕಾರಿನ ಡಿಕ್ಕಿಯಲ್ಲಿ ಉರುಳಾಡಿದರೆ ಗುರಿ ಕದಲಬಾರದು. ಒಳಗೆ ಹಬೆ ಕಟ್ಟಬಾರದು. ಬೆಲೆ ಮಾತ್ರ ಕಡಿಮೆಯಿರಬೇಕು.

ಅಂಗಡಿಯಜ್ಜ ನಾಲ್ಕರಷ್ಟು ಮಾತ್ರ ದೊಡ್ಡದು ಮಾಡಿ ತೋರಿಸುವ ಒಂದು ಸಾದಾ ಸ್ಕೋಪ್ ಕೊಟ್ಟ. ತಿರುಗಿಸಿ ಹಿಗ್ಗಿಸುವ ಕುಗ್ಗಿಸುವ ಆಟವಿಲ್ಲದ್ದು. ಅಗ್ಗದರಲ್ಲಿ ಅಂಥದ್ದೇ ಗಟ್ಟಿ, ಒಳಗೆ ಅಲ್ಲಾಡುವ ಭಾಗ ಕಡಿಮೆ ಇದ್ದಷ್ಟೂ ಗುರಿ ನಿಲ್ಲುತ್ತದೆ ಎಂದು ವಿವರಿಸಿದ. ಅಂಕಲ್‌ಗೆ ಮಾತು ಹಿಡಿಸಿತು. ಮನೆಗೆ ತಂದು ಕೂರಿಸಿ, ದಿಬ್ಬದ ಮುಂದೆ ಹಾಲಿನ ಖಾಲಿ ಡಬ್ಬ ಇಟ್ಟು ಹೊಡೆದರು. ಒಂದು ಗುಂಡು ಎಡಕ್ಕೆ, ಇನ್ನೊಂದು ಬಲಕ್ಕೆ, ಮತ್ತೊಂದು ಎಲ್ಲಿಗೋ. "ಗುರಿ ನಿಲ್ಲಲ್ಲ ಇದು. ಗಾಜೂ ಮಂಕು" ಎಂದು ವಾಪಸು ಕೊಟ್ಟರು. ಎರಡನೆಯದಕ್ಕೆ ಮಧ್ಯದಲ್ಲಿ ಕಪ್ಪು ಎಂದರು. ಆಮೇಲೆ ಯಾರೋ ಬಳಸಿದ ಹಳೆಯದೊಂದು ಬಂತು, ಹಳೆಯ ಕಾಲದ್ದು ಗಟ್ಟಿ ಎಂಬ ನಂಬಿಕೆಯಲ್ಲಿ. ಅದೂ ಹೋಯಿತು. ಒಮ್ಮೆ ಅಂಗಡಿಯಜ್ಜ ಕೋವಿಯನ್ನು ಮೇಜಿನ ಮೇಲಿನ ಕಬ್ಬಿಣದ ಇಕ್ಕಳಕ್ಕೆ ಬಿಗಿದು, ಸ್ಕೋಪಿಗೆ ರಬ್ಬರ್ ಸುತ್ತಿಗೆಯಿಂದ ಬಡಿದು, ಗುರಿ ಕೂದಲೆಳೆಯಷ್ಟೂ ಕದಲಿಲ್ಲವೆಂದು ತೋರಿಸಿದ. ಅಂಕಲ್ ಒಪ್ಪಲಿಲ್ಲ. ಅವರ ತಲೆಯ ಮೇಲಿಂದ ಆ ಅಜ್ಜ ನನ್ನನ್ನು ನೋಡಿದ ನೋಟ ನೆನಪಿದೆ. ಕೆಟ್ಟಿರುವುದು ಸ್ಕೋಪಲ್ಲ ಎಂದು ಅವನಿಗೆ ಅವತ್ತೇ ಗೊತ್ತಾಗಿತ್ತು.

ಅವತ್ತೇ ಅವನು ಗಾಜಿನ ಕಪಾಟಿನಿಂದ ಒಂದು ಸ್ಕೋಪ್ ತೆಗೆದ. ಅಂಗಡಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಕೊಳ್ಳುವುದು ಬೇಡ, ಸುಮ್ಮನೆ ಒಮ್ಮೆ ಕಣ್ಣಿಟ್ಟು ನೋಡಿ ಎಂದ. ಅಂಕಲ್ ಕೈ ಹಿಂದಕ್ಕೆ ಕಟ್ಟಿಕೊಂಡರು. "ಬೇಡ. ಮೊಲ ಹೊಡಿಯೋಕೆ ಇಷ್ಟೆಲ್ಲ ಬೇಡ" ಎಂದು ಬಾಗಿಲ ಕಡೆ ನಡೆದೇಬಿಟ್ಟರು. ಎಂಥ ಜುಗ್ಗ ಮನುಷ್ಯ, ಜೀವಮಾನವಿಡೀ ಡಾಕ್ಟರಿಕೆ ಮಾಡಿ ಪುಕ್ಕಟೆ ನೋಡಲೂ ಲೆಕ್ಕಾಚಾರವೇ ಎಂದು ನನಗೆ ಸಿಟ್ಟು ಬಂದಿತ್ತು. ಅದು ಜುಗ್ಗತನವಲ್ಲ ಎಂದು ಆಮೇಲೆ ತಿಳಿಯಿತು. ಅಗ್ಗದ ಸ್ಕೋಪು ಮಂಕಾದರೆ ಸ್ಕೋಪನ್ನು ಬೈಯಬಹುದು. ಒಳ್ಳೆಯದೂ ಮಂಕಾದರೆ ಯಾರನ್ನು ಬೈಯುವುದು? ಅವರು ಅಗ್ಗದ್ದನ್ನೇ ಹುಡುಕುತ್ತಿದ್ದದ್ದು ಅದಕ್ಕೆ.

ಮನೆಯಲ್ಲಿ ಆಂಟಿಗೆ ಬೈಗುಳ ನಿಂತಿರಲಿಲ್ಲ. "ಆ ಹಳೇ ಸ್ಕೋಪ್ ಇದ್ದಿದ್ರೆ ಈ ಪಾಡೇ ಇರ್ತಿರ್ಲಿಲ್ಲ, ನಿನ್ನ ಗಂಧದಿಂದ ಆಯ್ತು" ಎಂದು ಊಟಕ್ಕೆ ಕೂತಾಗೆಲ್ಲ ಒಮ್ಮೆ ಬರುತ್ತಿತ್ತು. ಆಂಟಿ "ಹೂಂ, ನನ್ನದೇ ತಪ್ಪು" ಎಂದು ಪಲ್ಯ ಬಡಿಸುತ್ತಿದ್ದರು. ನನಗೆ ತಡೆಯಲಾಗುತ್ತಿರಲಿಲ್ಲ. "ಎದುರು ಮಾತಾಡಿ ಆಂಟಿ" ಎಂದು ಹೇಳಬೇಕೆನಿಸುತ್ತಿತ್ತು. ಅಷ್ಟರಲ್ಲಿ ಮೊಲಗಳು ಮೆಂತ್ಯ ಮುಗಿಸಿ ಅವರೆಗೆ ಬಂದಿದ್ದವು, ನುಗ್ಗೆಯ ತೊಗಟೆಯನ್ನೂ ಕೆರೆದಿದ್ದವು. ಅಂಕಲ್ ಸಂಜೆ ಜಗಲಿಯಲ್ಲಿ ಕೋವಿ ಹಿಡಿದು ಕೂತೇ ಇರುತ್ತಿದ್ದರು. ಕೂತು, ಎತ್ತಿ, ಇಳಿಸಿ... ಹೊತ್ತು ಮುಳುಗಿದ ಮೇಲೆ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದರು.

ಒಂದು ಶನಿವಾರ ಅರ್ವೋ, ಇಲ್ಲಿಯವರು ಮಧ್ಯಾಹ್ನದ ಇಳಿಹೊತ್ತಿಗೆ ಹೇಳುವುದು ಹಾಗೆ, ನಾನು ಕಾರಿನಿಂದ ದಿನಸಿ ಇಳಿಸುತ್ತಿದ್ದೆ. ಗುಂಡಿನ ಸದ್ದಾಯಿತು. ಅದರ ಹಿಂದೆಯೇ ನೀರಿನ ಸದ್ದು. ಓಡಿ ಹೋಗಿ ನೋಡಿದರೆ ಹಸಿರು ಟ್ಯಾಂಕಿನ ಹೊಟ್ಟೆಯಿಂದ ನೀರು ಚಿಮ್ಮುತ್ತಿತ್ತು. ಟ್ಯಾಂಕಿನ ಪಕ್ಕದಲ್ಲೇ ಸೊಪ್ಪಿನ ಬುಟ್ಟಿ ಹಿಡಿದು ಆಂಟಿ ನಿಂತಿದ್ದರು, ಸೀರೆಯೆಲ್ಲ ನೀರು. ಅಂಕಲ್ ಕೋವಿ ಬರಿದು ಮಾಡಿ ನೆಲಕ್ಕಿಟ್ಟರು. ಅವರಿಗೆ ಆಂಟಿ ಅಲ್ಲಿರುವುದು ಕಂಡೇ ಇರಲಿಲ್ಲ. ಆಂಟಿ ಬುಟ್ಟಿ ಕೆಳಗಿಟ್ಟು, ಆ ತೂತಿಗೆ ಸೆರಗು ತುರುಕಿ, "ಬಕೆಟ್ ತಗೊಂಡು ಬಾಪ್ಪಾ" ಎಂದು ನನಗೆ ಹೇಳಿದರು.

ಮರುದಿನ ಅಂಕಲ್ ತಾವೇ ಅಂಗಡಿಗೆ ಹೋಗೋಣ ಎಂದರು. ಒಳಗೆ ಹೋದವರೇ ಗಾಜಿನ ಕಪಾಟು ತೋರಿಸಿ, ಅದನ್ನು ಕೊಡಿ ಎಂದರು. ಅಂಗಡಿಯಜ್ಜ ಮೆತ್ತನೆಯ ಬಟ್ಟೆ ಹಾಸಿ ಸ್ಕೋಪನ್ನು ಎರಡೂ ಕೈಯಲ್ಲಿ ಕೊಟ್ಟ. ಅಂಕಲ್ ಕೌಂಟರಿನ ಮೇಲೆ ಮೊಣಕೈ ಊರಿ, ಕಿಟಕಿಯಾಚೆ ರಸ್ತೆಯ ಆಕಡೆಯ ಸರ್ವೋ, ಅಂದರೆ ಪೆಟ್ರೋಲ್ ಬಂಕಿನ, ಬೋರ್ಡಿನ ಮೇಲೆ ಕಣ್ಣಿಟ್ಟರು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಯಾವ ದೇವರನ್ನು ಎಂದು ನೆನಪಿಲ್ಲ, ಸಿಕ್ಕ ಎಲ್ಲರನ್ನೂ. ಅವರು ತುಂಬ ಹೊತ್ತು ನೋಡಿದರು. ಅಂಗಡಿಯಜ್ಜ ಬೇರೆ ಗಿರಾಕಿಯನ್ನು ಕೈಸನ್ನೆಯಲ್ಲೇ ಕಾಯಿಸಿದ.

"ಇದ್ರಲ್ಲೂ ಇದೆ" ಎಂದರು ಅಂಕಲ್, ಕನ್ನಡದಲ್ಲಿ, ನನಗೆ ಮಾತ್ರ.

ನಡುವಿನ ಆ ಕಲೆ. ಸ್ಕೋಪನ್ನು ಜೋಪಾನವಾಗಿ ವಾಪಸು ಕೊಟ್ಟು, ಬಹಳ ಒಳ್ಳೆಯ ಸ್ಕೋಪು ಎಂದು ಇಂಗ್ಲಿಷಿನಲ್ಲಿ ಹೊಗಳಿ, ಅಂಗಡಿಯಜ್ಜನ ಕೈಕುಲುಕಿ ಹೊರಬಂದರು. ಕಾರಿನಲ್ಲಿ ಕೂತು ಸೀಟ್ ಬೆಲ್ಟು ಹಾಕಿಕೊಳ್ಳಲು ಹೋದರೆ ಕೊಂಡಿ ಸಿಗಲಿಲ್ಲ. ನಾನು ಹಾಕಿದೆ. ಆಗ ಅತ್ತರು. ನಾನೂ ಅತ್ತೆ, ಹೇಳಲು ನಾಚಿಕೆಯೇನಿಲ್ಲ.

ಮನೆಗೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಆಂಟಿಗೆ, "ನಿನ್ನ ಗಂಧ ಅಲ್ಲ. ನನ್ನ ಕಣ್ಣು" ಎಂದರು. ಆಂಟಿ ಬೆನ್ನು ತಿರುಗಿಸಿಕೊಂಡು ಏನೋ ತೊಳೆಯುತ್ತಿದ್ದರು. "ಹೂಂ" ಎಂದರು. ಅಷ್ಟೇ. ಆ ಹೂಂನಲ್ಲಿ ಆಶ್ಚರ್ಯ ಯಾಕಿರಲಿಲ್ಲ ಎಂದು ಅವತ್ತು ನನಗೆ ಹೊಳೆಯಲಿಲ್ಲ.

ಕಣ್ಣಿನ ಹಿಂದೆ ರಕ್ತ ಸೋರಿ, ನೋಟದ ನಡುಭಾಗವೇ ಸತ್ತಿತ್ತು. ಕಣ್ಣಿನ ಡಾಕ್ಟರು ಸೂಜಿ ಹಾಕಿದರು, ಮತ್ತೆ ಮತ್ತೆ ಹಾಕಿದರು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಅದೇ ಮಾತನ್ನು ಜೀವನಪೂರ್ತಿ ಬೇರೆಯವರಿಗೆ ಹೇಳಿ ಬೈದ ಮನುಷ್ಯ, ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೇಳಿಸಿಕೊಂಡರು. ಕೋವಿ ಹೋಯಿತು, ಕಾರು ಹೋಯಿತು, ಬಯಲಿನ ಮನೆ ಹೋಯಿತು. ಪರ್ತ್‌ಗೆ ಹೊರಡುವ ದಿನ ಆಂಟಿ ಆ ಹಳೆಯ ಸ್ಕೋಪನ್ನು ಬಟ್ಟೆ ಚೀಲದಲ್ಲಿ ಹಾಕಿ ನನಗೆ ಕೊಟ್ಟರು. ಅಂಕಲ್ ಕೊಟ್ಟದ್ದಲ್ಲ, ಆಂಟಿ. ನಾನು ಗಂಟು ಬಿಚ್ಚದೆ ಪೆಟ್ಟಿಗೆಯ ತಳಕ್ಕಿಟ್ಟೆ.

ಪಿಯಾರಾ ವಾಟರ್ಸ್‌ಗೆ ಒಮ್ಮೆ ಹೋಗಿದ್ದೆ. ಅಂಕಲ್ ತಗಡಿನ ಬೇಲಿಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಮುಖ ಕಾಣಬೇಕಾದರೆ ಪಕ್ಕದ ಗೋಡೆ ನೋಡಬೇಕು. ಹಾಗೆ ಗೋಡೆ ನೋಡಿಕೊಂಡೇ ನನ್ನ ಬೆನ್ನು ಹೇಗಿದೆ ಎಂದು ವಿಚಾರಿಸಿದರು. ಅವರನ್ನು ರೈಲಿನಲ್ಲಿ ಫ್ರೀಮ್ಯಾಂಟಲ್‌ಗೆ ಕರೆದುಕೊಂಡು ಹೋದೆ. ಬಂದರಿನಲ್ಲಿ ಕ್ರೇನುಗಳು ಕಂಟೇನರ್ ಇಳಿಸುತ್ತಿದ್ದವು. ತಲೆ ಅತ್ತಿತ್ತ ತಿರುಗಿಸಿ ಸುತ್ತಲೂ ನೋಡಿದರು. "ಸುತ್ತ ಎಲ್ಲಾ ಕಾಣತ್ತಪ್ಪಾ. ಏನನ್ನ ನೋಡ್ಬೇಕೋ ಅದು ಮಾತ್ರ ಕಾಣಲ್ಲ" ಎಂದರು. ಕಾಫಿ ಕುಡಿದು ವಾಪಸು ಬಂದೆವು. ಮುಂದಿನ ಚಳಿಗಾಲದಲ್ಲಿ ಹೋಗಿಬಿಟ್ಟರು. ಎದೆ ನಿಂತಿತಂತೆ. ನನಗೆ ಹೋಗಲಾಗಲಿಲ್ಲ...

ಭಾನುವಾರ ಆ ಗ್ಯಾರೇಜಿನ ಮೆಟ್ಟಿಲ ಮೇಲೆ ಕೊನೆಗೂ ಗಂಟು ಬಿಚ್ಚಿದೆ. ಸ್ಕೋಪಿನ ಎರಡೂ ತುದಿಗೆ ರಬ್ಬರಿನ ಕಪ್ಪು ಮುಚ್ಚಳ ಹಾಕಿತ್ತು. ಮುಂದಿನ ಮುಚ್ಚಳದ ಮೇಲೆ, ಸರಿಯಾಗಿ ನಡುವೆ, ಒಣಗಿ ಬಿರಿದ ಗಂಧದ ಬೊಟ್ಟು, ಅದರ ಮೇಲೆ ಚೂರು ಕುಂಕುಮ. ಹಿಂದಿನ ಮುಚ್ಚಳದ ಮೇಲೂ ಹಾಗೆಯೇ. ತೆಗೆದು ಗಾಜು ನೋಡಿದೆ. ಒಂದು ಗೆರೆಯಿಲ್ಲ, ಕಲೆಯಿಲ್ಲ. ಬೀದಿಯ ಕಡೆ ಹಿಡಿದರೆ ಎದುರುಮನೆಯ ಮರದ ಎಲೆ ಎಲೆಯೂ ಕಾಣುತ್ತಿತ್ತು. ಪೂಜೆಗೆ ಮುಚ್ಚಳ ಹಾಕಿ, ಮುಚ್ಚಳಕ್ಕೆ ಗಂಧವಿಟ್ಟು, ಕೋವಿ ಕೊಡುವ ಮೊದಲು ಮುಚ್ಚಳ ತೆಗೆದು ಸೆರಗಿನಲ್ಲಿ ಹಿಡಿದುಕೊಂಡಿದ್ದರು ಆಂಟಿ. ಗಾಜಿಗೆ ಗಂಧ ತಾಗಿಯೇ ಇರಲಿಲ್ಲ.

ಅಲ್ಲೇ ಕೂತು ಪರ್ತ್‌ಗೆ ಫೋನು ಮಾಡಿದೆ. ಆಂಟಿ ಈಗಲೂ ಮಗನ ಮನೆಯಲ್ಲೇ ಇದ್ದಾರೆ. ಮುಚ್ಚಳ ನೋಡಿದೆ ಆಂಟಿ ಎಂದೆ.

"ನೋಡಿದ್ಯಾ" ಎಂದರು. "ನಾನು ಕೋವಿ ಇದ್ದ ಮನೇಲಿ ಹುಟ್ಟಿದವಳಪ್ಪಾ. ಗಾಜಿಗೆ ಗಂಧ ಇಡ್ತೀನಾ?"

"ಮತ್ತೆ ಯಾಕೆ ಇಟ್ಟೆ ಅಂದ್ರಿ?"

"ಅವತ್ತು ಅವರ ಮುಖ ನೋಡಿದ್ಯಲ್ಲ ನೀನು. ಗಾಜಲ್ಲಿ ಏನೂ ಇಲ್ಲ ಅಂತ ಹೇಗೆ ಹೇಳ್ಲಿ? ಒಂದು ವಾರ ನನ್ನ ಬೈದು ಸುಮ್ನಾಗ್ತಾರೆ, ಆಮೇಲೆ ತಾವೇ ಡಾಕ್ಟರ್ ಹತ್ರ ಹೋಗ್ತಾರೆ ಅಂದ್ಕೊಂಡೆ. ಅದನ್ನೇ ಹಿಡ್ಕೊಂಡ್ಬಿಟ್ರು. ಆಮೇಲೆ ನಂಗೆ ಬಾಯೇ ಬರ್ಲಿಲ್ಲ. ಅವತ್ತೇ ಹೇಳಿದ್ದಿದ್ರೆ ಕಣ್ಣು ಉಳೀತಿತ್ತು."

"ಹಾಗೇನಿಲ್ಲ ಆಂಟಿ."

"ನೀನು ಡಾಕ್ಟರ್ ಅಲ್ಲ" ಎಂದರು. ಬೈಯುವ ದನಿಯಲ್ಲಿ ಅಲ್ಲ.

ಆ ಮನೆಯ ಊಟದ ಮೇಜಿನಲ್ಲಿ ಅವರು ಅಷ್ಟು ದಿನ ಬೈಸಿಕೊಂಡದ್ದು ನೆನಪಾಯಿತು. ಆ ಬೈಗುಳ ನಿಲ್ಲದಿರಲಿ ಎಂದು ಅವರು ದಿನವೂ ಬೇಡಿಕೊಂಡಿರಬೇಕು, ಅದು ನಿಂತ ದಿನ ಅಂಕಲ್‌ಗೆ ತಮ್ಮ ಕಣ್ಣಿನ ನಿಜ ತಿಳಿಯುತ್ತದೆ ಎಂದು ದಿನವೂ ಹೆದರಿರಬೇಕು.

"ಅದನ್ನ ತೊಳೆದುಬಿಡಪ್ಪಾ" ಎಂದರು ಆಂಟಿ. "ಈಗ್ಲೇ. ನಾನು ಫೋನಲ್ಲಿರ್ತೀನಿ."

ಬಟ್ಟೆ ಒಗೆಯುವ ತೊಟ್ಟಿಯ ನಲ್ಲಿ ತಿರುಗಿಸಿ ಮುಚ್ಚಳಗಳನ್ನು ಕೆಳಗೆ ಹಿಡಿದೆ. ನೀರು ತಾಗಿದ್ದೇ ತಡ ಗಂಧ ಮೆತ್ತಗಾಗಿ, ವಾಸನೆ ಗ್ಯಾರೇಜೆಲ್ಲ ತುಂಬಿತು. ಕುಂಕುಮ ಹರಿದುಹೋಯಿತು. ಹೆಬ್ಬೆರಳಿನಿಂದ ಉಜ್ಜಿದೆ. ರಬ್ಬರಿನಲ್ಲಿ ಹಳದಿ ಬಣ್ಣದ ದುಂಡನೆಯ ಗುರುತು ಕೂತುಬಿಟ್ಟಿತ್ತು.

"ಹೋಯ್ತಾ?" ಎಂದು ಕೇಳಿದರು.

ಇನ್ನೊಮ್ಮೆ ಉಜ್ಜಿ ನೋಡಿದೆ. ಹೋಗಲಿಲ್ಲ.

"ಹೋಯ್ತು ಆಂಟಿ" ಎಂದೆ.